ಹೆಣ್ಣಿನ ಸುಖ: ಶಾಸ್ತ್ರ ಬಲ್ಲದ್ದು, ಸಮಾಜ ಮರೆತದ್ದು

ಮುಧೋಳ ಸೀಮೆಯ ತಿಮ್ಮಾಪುರದಂಥ ಊರಿನಿಂದ ಬೆಳಗಿನ ಬಸ್ಸು ಹಿಡಿದರೆ ಬಾದಾಮಿಯನ್ನು ನೋಡಿಕೊಂಡು ಸಂಜೆಗೆ ಮನೆ ಸೇರಬಹುದು. ಅಲ್ಲಿನ ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಲೇಶ ಕಡೆಸಿದ್ದು ಕ್ರಿ.ಶ. 578ರಲ್ಲಿ. ಅದರ ಕಂಬಗಳ ನೆತ್ತಿಯಲ್ಲಿ ಒಬ್ಬರಿಗೊಬ್ಬರು ಆತು ನಿಂತ ಗಂಡುಹೆಣ್ಣುಗಳ ಜೋಡಿಗಳಿವೆ. ಐಹೊಳೆಯ ದುರ್ಗದ ಗುಡಿಯ ಕಂಬಗಳಲ್ಲೂ ಅಂಥವೇ ಜೋಡಿಗಳು. ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥನಕೊಳ್ಳದಿಂದ ತಂದಿಟ್ಟ ಲಜ್ಜಾಗೌರಿಯ ವಿಗ್ರಹವಿದೆ. ತಲೆಯ ಜಾಗದಲ್ಲಿ ಕಮಲ, ಅಗಲಿಸಿ ಮಡಿಸಿದ ಕಾಲುಗಳು, ಮುಚ್ಚುಮರೆಯಿಲ್ಲದ ಸ್ತ್ರೀದೇಹ. ಹೆಸರಿನಲ್ಲಿ ಮಾತ್ರ ಲಜ್ಜೆ. ಆ ಹೆಸರೂ ಈಚಿನವರು ಇಟ್ಟದ್ದು.

ಶಿಲ್ಪಿಗಳು ನಾಚಲಿಲ್ಲ. ಆದರೆ ಈ ಶಿಲ್ಪಗಳು ಒಂದು ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಲಜ್ಜಾಗೌರಿ ಫಲವಂತಿಕೆಯ ದೇವತೆ. ಮಕ್ಕಳನ್ನು ಬೇಡುವವರು ಅವಳಿಗೆ ನಡೆದುಕೊಂಡರು. ಹೆರುವ ಹೆಣ್ಣು ಅಲ್ಲಿದ್ದಾಳೆ, ಸುಖಿಸುವ ಹೆಣ್ಣು ಎಲ್ಲಿ? ಕೂಟದಲ್ಲಿ ಹೆಣ್ಣಿಗೆ ಆಗುವುದೇನು, ಅವಳಿಗೂ ಸುಖದ ತುದಿ ಎಂಬುದೊಂದು ಇದೆಯೇ, ಇದ್ದರೆ ಅದು ಗಂಡಿನದರಂಥದ್ದೇ ಬೇರೆಯೇ ಎಂದು ಈ ನಾಡಿನಲ್ಲಿ ಯಾರಾದರೂ ಕೇಳಿದ್ದುಂಟೇ? ಕೇಳಿದ್ದುಂಟು. ಕೇಳಿದ್ದಷ್ಟೇ ಅಲ್ಲ, ತರ್ಕಶಾಸ್ತ್ರದ ಪಂಡಿತರಂತೆ ಪೂರ್ವಪಕ್ಷ, ಸಿದ್ಧಾಂತಗಳನ್ನು ಹೂಡಿ ಜಗಳವಾಡಿದ್ದೂ ಉಂಟು. ಆ ಜಗಳ ಸುಮಾರು ಮೂರನೆಯ ಶತಮಾನದ ವಾತ್ಸ್ಯಾಯನನ 'ಕಾಮಸೂತ್ರ'ದ ಎರಡನೆಯ ಅಧಿಕರಣದ ಆರಂಭದಲ್ಲೇ ಇದೆ. ಕಾಮಸೂತ್ರವೆಂದರೆ ಆಸನಗಳ ಪಟ್ಟಿ ಎಂದು ತಿಳಿದವರು ಈ ಭಾಗವನ್ನು ಸಾಮಾನ್ಯವಾಗಿ ಓದಿರುವುದಿಲ್ಲ.

ಮೊದಲ ವಾದಿ ಔದ್ದಾಲಕಿ, ಅಂದರೆ ಉಪನಿಷತ್ತಿನಿಂದ ನಮಗೆ ಪರಿಚಿತನಾದ ಉದ್ದಾಲಕನ ಮಗ ಶ್ವೇತಕೇತುವಿನ ಹೆಸರಿನಲ್ಲಿ ಬಂದ ಮತ. ಇವನ ಪ್ರಕಾರ ಗಂಡಿಗೆ ಆಗುವಂಥ ಸುಖದ ಕೊನೆ ಹೆಣ್ಣಿಗಿಲ್ಲ. ಅವಳಲ್ಲಿ ಇರುವುದು ಒಂದು ಬಗೆಯ ಕಂಡೂತಿ, ತೀಟೆ. ಗಂಡಿನಿಂದ ಅದು ತೀರುತ್ತಾ ಹೋಗುತ್ತದೆ. ಅದಕ್ಕೆ ಚುಂಬನ, ಆಲಿಂಗನಗಳ ಮನಸ್ಸಿನ ಹಿಗ್ಗು ಸೇರಿ ಬೇರೊಂದು ರಸ ಹುಟ್ಟುತ್ತದೆ. ಅದನ್ನೇ ಅವಳು ಸುಖವೆಂದು ತಿಳಿಯುತ್ತಾಳೆ. ಇಷ್ಟು ಹೇಳಿ ಮುಗಿಸಿದ್ದರೆ ಇದೊಂದು ಗಂಡಸಿನ ಉಡಾಫೆಯ ಮಾತಾಗುತ್ತಿತ್ತು. ಆದರೆ ಅಲ್ಲೇ ಒಂದು ಅದ್ಭುತವಾದ ತಡೆ ಎದ್ದು ನಿಲ್ಲುತ್ತದೆ: ಇದು ನಿನಗೆ ಹೇಗೆ ಗೊತ್ತು? ಒಬ್ಬರ ಸುಖವನ್ನು ಇನ್ನೊಬ್ಬರು ಅರಿಯಲು ಬಾರದು. ಗಂಡಿನ ಸುಖ ಹೆಣ್ಣಿಗೆ ಗೊತ್ತಿಲ್ಲ, ಹೆಣ್ಣಿನದು ಗಂಡಿಗೆ ಗೊತ್ತಿಲ್ಲ. ಕೇಳಿ ತಿಳಿಯೋಣವೆಂದರೆ ಅದು ಬಾಯಿಂದ ಹೇಳಿ ಮುಗಿಸುವ ಸಂಗತಿಯಲ್ಲ. ಹಾಗಾದರೆ ಲಕ್ಷಣ ನೋಡಿ ಊಹಿಸಬೇಕು. ಗಂಡು ತನ್ನ ಸುಖ ಮುಗಿದೊಡನೆ ತಾನಾಗಿ ನಿಲ್ಲುತ್ತಾನೆ, ಹೆಣ್ಣು ಹಾಗೆ ನಿಲ್ಲುವುದಿಲ್ಲ. ಆದ್ದರಿಂದ ಅವಳಿಗೆ 'ಮುಗಿಯುವುದು' ಎಂಬುದಿಲ್ಲ ಎಂಬುದು ಔದ್ದಾಲಕಿಯ ಅನುಮಾನಪ್ರಮಾಣ.

ಎದುರು ವಾದಿಗಳು ಬಿಡುವುದಿಲ್ಲ. ಬೇಗ ಮುಗಿಸುವ ಗಂಡಿನ ಮೇಲೆ ಹೆಣ್ಣಿಗೆ ಅಸಮಾಧಾನ, ತಡೆದು ನಿಲ್ಲುವವನ ಮೇಲೆ ಒಲವು ಇರುವುದನ್ನು ಎಲ್ಲರೂ ಬಲ್ಲರು. ತಲುಪಬೇಕಾದ ತುದಿಯೊಂದು ಇಲ್ಲದಿದ್ದರೆ ಈ ಅಸಮಾಧಾನ ಯಾಕೆ? ಔದ್ದಾಲಕಿ ಅದಕ್ಕೂ ಉತ್ತರ ಇಟ್ಟುಕೊಂಡಿದ್ದಾನೆ: ತೀಟೆ ಹೆಚ್ಚು ಹೊತ್ತು ತೀರಿದರೂ ಸಂತೋಷವೇ ಅಲ್ಲವೇ, ಇದರಿಂದ ಏನೂ ಸಿದ್ಧವಾಗುವುದಿಲ್ಲ. ಆಗ ಪಾಂಚಾಲದ ಬಾಭ್ರವ್ಯನ ಕಡೆಯವರು ಬರುತ್ತಾರೆ. ಅವರ ಮತದಲ್ಲಿ ಗಂಡಿಗೆ ಸುಖ ಕೊನೆಯಲ್ಲಿ ಮಾತ್ರ. ಹೆಣ್ಣಿಗೆ ಮೊದಲಿನಿಂದ ಕೊನೆಯವರೆಗೆ ಎಡೆಬಿಡದೆ. ಸುಖವಿಲ್ಲದಿದ್ದರೆ ಗರ್ಭವೇ ನಿಲ್ಲದು ಎಂಬುದು ಅವರ ಯುಕ್ತಿ. ಹಾಗಾದರೆ ಮೊದಲು ಅವಳು ಉದಾಸೀನವಾಗಿದ್ದು ಬರುಬರುತ್ತಾ ಆವೇಗಗೊಳ್ಳುವುದು ಹೇಗೆ ಎಂದರೆ, ಕುಂಬಾರನ ಚಕ್ರವನ್ನೋ ಬುಗುರಿಯನ್ನೋ ನೋಡಿರಿ ಎನ್ನುತ್ತಾರೆ. ತಿರುಗುವುದೇ ಅದರ ಸ್ವಭಾವವಾದರೂ ಮೊದಲು ಮಂದವಾಗಿ ಹೊರಟು ಕ್ರಮೇಣ ವೇಗ ತುಂಬಿಕೊಳ್ಳುತ್ತದೆ.

ಕೊನೆಗೆ ವಾತ್ಸ್ಯಾಯನ ಬಾಯಿ ತೆರೆಯುತ್ತಾನೆ. ಇಬ್ಬರದೂ ಒಂದೇ ಜಾತಿ, ಇಬ್ಬರೂ ಹೊರಟಿರುವುದು ಒಂದೇ ಕೆಲಸಕ್ಕೆ. ಸುಖ ಮಾತ್ರ ಬೇರೆ ಬೇರೆ ಆಗುವುದು ಹೇಗೆ? ವ್ಯತ್ಯಾಸವಿರುವುದು ಪಾತ್ರದಲ್ಲಿ, ತಾನು ಮಾಡುವವನು ಎಂದು ಅವನೂ ತಾನು ಇವನಿಂದ ಒದಗಿಸಿಕೊಳ್ಳುವವಳು ಎಂದು ಅವಳೂ ಭಾವಿಸುವುದರಲ್ಲಿ. ಫಲದಲ್ಲಿ ವ್ಯತ್ಯಾಸವಿಲ್ಲ. ಟಗರುಗಳೆರಡು ಹಾಯ್ದಾಗ, ಬೇಲದ ಹಣ್ಣುಗಳೆರಡು ಬಡಿದಾಗ, ಮಲ್ಲರಿಬ್ಬರು ಹಿಡಿದಾಗ ಪೆಟ್ಟು ಇಬ್ಬರಿಗೂ ಸಮ. ಇಲ್ಲಿಂದ ಅವನು ತೆಗೆಯುವ ನಿರ್ಣಯ ಶಾಸ್ತ್ರದ್ದಲ್ಲ, ಬದುಕಿನದು: ಸುಖ ಸಮಾನವಾದ್ದರಿಂದ, ಹೆಣ್ಣು ಮೊದಲು ಸುಖವನ್ನು ಮುಟ್ಟುವಂತೆ ಗಂಡು ನಡೆದುಕೊಳ್ಳತಕ್ಕದ್ದು. ಹದಿನೇಳು ಶತಮಾನಗಳ ಹಿಂದಿನ ಮಾತು ಇದು. ಈ ಕರ್ತವ್ಯವನ್ನು ಗಂಡಿನ ತಲೆಗೆ ಕಟ್ಟಿದ ಮತ್ತೊಂದು ಹಳೆಯ ಗ್ರಂಥ ಸುಲಭವಾಗಿ ಸಿಗದು.

ಈ ಗ್ರಂಥಕ್ಕೂ ಕನ್ನಡ ನಾಡಿಗೂ ನಂಟಿದೆ. ಒಂದು ನಂಟು ಅಂಥ ಹೆಮ್ಮೆಯದೇನಲ್ಲ. ಕೂಟದ ಆವೇಶದಲ್ಲಿ ಹೊಡೆತದಂಥ ಆಟಗಳು ಪ್ರಾಣ ತೆಗೆದಾವು ಎಂದು ಎಚ್ಚರಿಸುವಾಗ ವಾತ್ಸ್ಯಾಯನ ಕೊಡುವ ಉದಾಹರಣೆಗಳಲ್ಲಿ ಒಂದು ಕುಂತಲದ ಶಾತಕರ್ಣಿ ಶಾತವಾಹನನದು. ಅವನಿಂದ ಮಹಾದೇವಿ ಮಲಯವತಿ ಸತ್ತಳೆಂದು ಹೇಳುತ್ತಾನೆ. ಕುಂತಲವೆಂದರೆ ಇದೇ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳನ್ನು ಒಳಗೊಂಡ ಸೀಮೆ. ಇನ್ನೊಂದು ನಂಟು ಬನವಾಸಿಯದು. ದೇಶದೇಶದ ಹೆಂಗಸರ ಒಲವುಗಳನ್ನು ವಿವರಿಸುವಲ್ಲಿ ವನವಾಸದ ಹೆಂಗಸರೂ ಬರುತ್ತಾರೆ. ಇವರದು ಮಧ್ಯಮ ವೇಗ, ಎಲ್ಲ ಬಗೆಯನ್ನೂ ತಾಳಿಕೊಳ್ಳುವವರು, ಆದರೆ ತಮ್ಮ ಮೈಯನ್ನು ಮುಚ್ಚಿಕೊಳ್ಳುವವರು ಎಂಬರ್ಥದ ಮಾತು. ಆ ದೇಶವಿಭಾಗವನ್ನು ಇಂದು ಯಾರೂ ವಿಜ್ಞಾನವೆಂದು ಒಪ್ಪಬೇಕಾಗಿಲ್ಲ. ಊರಿಗೊಂದು ಸ್ವಭಾವ ಹಚ್ಚುವ ಚಟ ಗಂಡಸರ ಕಟ್ಟೆಯ ಹರಟೆಯಲ್ಲಿ ಈಗಲೂ ಇದೆ.

ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನ ಚಾಲುಕ್ಯರ ಆಸ್ಥಾನದಲ್ಲಿ 'ಅಜಿತಪುರಾಣ'ವನ್ನು ಮುಗಿಸಿದ್ದು 993ರಲ್ಲಿ. ಅವನ ನಂತರದ ತಲೆಮಾರಿನಲ್ಲಿ, ಅದೇ ಚಾಲುಕ್ಯರ ಜಯಸಿಂಹನ ಕಾಲಕ್ಕೆ, ಮಾಚಿರಾಜನೆಂಬ ಸಾಮಂತನ ಆಶ್ರಯದಲ್ಲಿದ್ದ ಚಂದ್ರರಾಜ 'ಮದನತಿಲಕ'ವನ್ನು ಬರೆದ. ಸುಮಾರು 1025ರ ಈ ಕೃತಿ ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಕಾಮಶಾಸ್ತ್ರ. ಇದರಲ್ಲಿ ಬಳಕೆಯಾಗಿರುವುದು ಆ ಕಾಲದ ಹೊಸಗನ್ನಡ ಎಂಬುದು ಗಮನಿಸತಕ್ಕ ಸಂಗತಿ. ಸಂಸ್ಕೃತದಲ್ಲಿ ಇದ್ದದ್ದನ್ನು ಜನ ಆಡುವ ನುಡಿಗೆ ತರಬೇಕು ಎನ್ನುವವರಿಗೆ ಅದನ್ನು ಓದುವವರು ಇದ್ದಾರೆಂಬ ನಂಬಿಕೆ ಇರಲೇಬೇಕು. ಮುಂದೆ ವಿಜಯನಗರದ ಕಾಲದಲ್ಲಿ, ಸುಮಾರು 1450ರಲ್ಲಿ, ವೀರಶೈವ ಕವಿ ಕಲ್ಲರಸ 'ಜನವಶ್ಯ'ವನ್ನು ಬರೆದ. ಅದು ಕವಿ ತನ್ನ ಹೆಂಡತಿಗೆ ಹೇಳುವ ರೂಪದಲ್ಲಿದೆ. ಗುರು ಶಿಷ್ಯನಿಗೆ ಹೇಳುವ ಶಾಸ್ತ್ರವನ್ನು ಗಂಡ ಹೆಂಡತಿಗೆ ಹೇಳುವ ಮಾತಾಗಿ ಮಾಡಿದ್ದು ಸಣ್ಣ ಬದಲಾವಣೆಯಲ್ಲ.

ಕಲ್ಲರಸನ ಮುಂದಿದ್ದ ಮಾದರಿ ಕೊಕ್ಕೋಕನ 'ರತಿರಹಸ್ಯ'. ಜನರ ಬಾಯಲ್ಲಿ 'ಕೋಕಶಾಸ್ತ್ರ' ಆದದ್ದು ಇದೇ. ಪದ್ಮಿನಿ, ಚಿತ್ತಿನಿ, ಶಂಖಿನಿ, ಹಸ್ತಿನಿ ಎಂಬ ಹೆಣ್ಣಿನ ವರ್ಗೀಕರಣವನ್ನೂ, ತಿಥಿಗೊಂದು ಅಂಗದಂತೆ ಕಾಮ ಕಾಲ್ಬೆರಳಿನಿಂದ ನೆತ್ತಿಗೆ ಏರಿ ಇಳಿಯುತ್ತದೆಂಬ ಚಂದ್ರಕಲೆಯ ಲೆಕ್ಕವನ್ನೂ ಜನಪ್ರಿಯಗೊಳಿಸಿದ ಗ್ರಂಥವೂ ಇದೇ. ಪಂಚಾಂಗ ನೋಡಿಕೊಂಡು ಹೆಂಡತಿಯ ಬಳಿಗೆ ಹೋಗುವ ಈ ಲೆಕ್ಕವನ್ನು ನಕ್ಕು ಬಿಡಬಹುದು. ಆದರೂ ದೇಹವೆಲ್ಲ ಸುಖದ ನೆಲೆ, ಒಂದೇ ಜಾಗಕ್ಕೆ ಅದು ಕಟ್ಟುಬಿದ್ದದ್ದಲ್ಲ ಎಂಬ ತಿಳಿವಳಿಕೆ ಅದರೊಳಗೆ ಅಡಗಿದೆ. ಇನ್ನೂ ಮುಖ್ಯವಾದದ್ದು, ಯೋನಿದ್ವಾರದ ಮೇಲ್ಗಡೆ ಮೂಗಿನಾಕಾರದ, ಮದದ ನಾಡಿಗಳಿಂದ ತುಂಬಿದ ಅಂಗವೊಂದನ್ನು ಕೊಕ್ಕೋಕ ಗುರುತಿಸಿ ಅದಕ್ಕೆ ಹೆಸರನ್ನೂ ಹೇಳುತ್ತಾನೆ: ಮನ್ಮಥಚ್ಛತ್ರ. ಇಂದಿನ ವೈದ್ಯರು ಭಗಾಂಕುರ ಎಂದು ಕರೆಯುವುದು ಇದನ್ನೇ. ಆ ಅಂಗಕ್ಕೆ ಬೇರೆ ಯಾವ ಕೆಲಸವೂ ಇಲ್ಲ, ಸುಖವೊಂದೇ ಅದರ ಕೆಲಸ. ಸುಮಾರು ಎಂಟು ಶತಮಾನಗಳ ಹಿಂದೆ ಒಂದು ಅಂಗಕ್ಕೆ 'ಕಾಮನ ಕೊಡೆ' ಎಂದು ಇಷ್ಟು ಚೆಂದದ ಹೆಸರಿಟ್ಟ ನಾಡಿನಲ್ಲಿ, ಅದನ್ನು ಹೆಸರಿಸಲು ಇಂದು ಮನೆಯ ಹೆಣ್ಣುಮಕ್ಕಳಿಗೆ ಬೈಗುಳವಲ್ಲದ ಒಂದು ಮಾತು ಸಿಗುವುದಿಲ್ಲ.

ಹಾಗೆಂದು ಹಿಂದಿನ ಕಾಲವನ್ನು ಸ್ವರ್ಗವೆಂದು ಬಗೆಯುವ ಹಾಗಿಲ್ಲ. ಈ ಶಾಸ್ತ್ರಗಳನ್ನು ಬರೆದವರೆಲ್ಲ ಗಂಡಸರು. ಹೆಂಗಸರು ಇದನ್ನು ಓದಬಹುದೇ ಎಂಬ ಪ್ರಶ್ನೆಯೇ ಕಾಮಸೂತ್ರದಲ್ಲಿ ಚರ್ಚೆಗೆ ಬರುತ್ತದೆ. ಶಾಸ್ತ್ರ ಹೆಂಗಸರಿಗೆ ನಿರರ್ಥಕ ಎಂದ ಆಚಾರ್ಯರಿಗೆ ವಾತ್ಸ್ಯಾಯನ ಒಪ್ಪದೆ, ಗಣಿಕೆಯರೂ ರಾಜಪುತ್ರಿಯರೂ ಮಹಾಮಾತ್ಯರ ಹೆಣ್ಣುಮಕ್ಕಳೂ ಶಾಸ್ತ್ರ ಬಲ್ಲವರಿದ್ದಾರೆ ಎಂದು ವಾದಿಸುತ್ತಾನೆ. ಆ ಪಟ್ಟಿಯಲ್ಲೇ ಯಾರ್ಯಾರು ಇಲ್ಲ ಎಂಬುದೂ ಕಾಣುತ್ತದೆ. ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡುವ ಹೆಂಗಸಿನ ಸುಖದ ಸುದ್ದಿಯನ್ನು ಯಾವ ಶಾಸ್ತ್ರಕಾರನೂ ಎತ್ತಿಲ್ಲ. ಹೊಸ ವಧುವನ್ನು ಹೂವಿನಂತೆ ಕಾಣಬೇಕು, ಮೊದಲ ಮೂರು ರಾತ್ರಿ ಕೂಡದೆ ಅವಳ ವಿಶ್ವಾಸ ಗಳಿಸಬೇಕು, ಬಲವಂತ ಮಾಡಿದವನನ್ನು ಅವಳು ದ್ವೇಷಿಸುವಳು ಎಂದು ಹೇಳುವ ಅದೇ ಗ್ರಂಥದಲ್ಲಿ, ಅಧಿಕಾರವುಳ್ಳವನು ತನ್ನ ಕೈಕೆಳಗಿನ ಹಳ್ಳಿಯ ಹೆಂಗಸರನ್ನು ಬಳಸಿಕೊಳ್ಳುವ ಬಗೆಯೂ ಇದೆ. ಒಂದನ್ನು ಹೊಗಳಿ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ.

ಕಾವ್ಯದ ಕಡೆ ನೋಡಿದರೆ ಕನ್ನಡದಲ್ಲಿ ಹೆಣ್ಣಿನ ಕಾಮವನ್ನು ನೇರವಾಗಿ ಎದುರಿಸಿದವನು ಜನ್ನ. 1209ರ ಅವನ 'ಯಶೋಧರ ಚರಿತೆ'ಯಲ್ಲಿ ರಾಣಿ ಅಮೃತಮತಿಗೆ ರೂಪವಂತನಾದ ಗಂಡನಿದ್ದಾನೆ, ಅರಮನೆಯಿದೆ, ಕೊರತೆಯೊಂದೂ ಇಲ್ಲ. ರಾತ್ರಿ ಕೇಳಿಬಂದ ಒಂದು ಹಾಡಿನ ದನಿಗೆ ಅವಳು ಸೋಲುತ್ತಾಳೆ. ಹಾಡಿದವನು ಕುರೂಪಿಯಾದ ಮಾವುತ ಅಷ್ಟಾವಂಕ. ಅವನನ್ನು ಕಣ್ಣಾರೆ ಕಂಡು ಬಂದ ದೂತಿ ಹೇಳಿದರೂ ರಾಣಿಯ ಮನಸ್ಸು ತಿರುಗುವುದಿಲ್ಲ. ಜೈನ ಕವಿಯಾದ ಜನ್ನನಿಗೆ ಇದು ಪಾಪದ ಕಥೆ, ಅವಳು ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುವವಳು. ಆದರೂ ಹೆಣ್ಣಿನ ಒಲವು ರೂಪ, ಸಿರಿ, ಕುಲಗಳ ಲೆಕ್ಕಕ್ಕೆ ಸಿಗುವುದಿಲ್ಲ, ಅದು ಕಿವಿಯ ದಾರಿಯಲ್ಲೂ ಬಂದೀತು ಎಂಬುದನ್ನು ಅವನು ಕಂಡಿದ್ದಾನೆ. ತೀರ್ಪು ಕೊಡುವ ಮೊದಲು ಅವಳ ಜೊತೆಗೆ ಆ ಹಾಡನ್ನು ಕೇಳಿಸಿಕೊಂಡಿದ್ದಾನೆ. 1980ರಲ್ಲಿ ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ'ದಲ್ಲಿ ಇದೇ ಕಥೆಯನ್ನು ತೆಗೆದುಕೊಂಡರು.

ಇಲ್ಲಿಯವರೆಗೆ ಮಾತಾಡಿದವರು ಗಂಡಸರಾಯಿತು. ಹೆಣ್ಣೇ ಬರೆದ ಪುಸ್ತಕವೊಂದನ್ನು ಇನ್ನೊಬ್ಬ ಹೆಣ್ಣು ಅಚ್ಚು ಹಾಕಿಸಿದಾಗ ಏನಾಯಿತು ಎಂಬುದು ಈ ಇತಿಹಾಸದ ಕಹಿಯಾದ ಅಧ್ಯಾಯ. ಅದರ ನಾಯಕಿ ಕನ್ನಡದವಳು.

ಬೆಂಗಳೂರು ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ ದೇವದಾಸಿ. ಮೈಸೂರಿನಲ್ಲಿ ಸಂಸ್ಕೃತ ಕಲಿತು, ಸಂಗೀತ ನೃತ್ಯಗಳಲ್ಲಿ ಪಳಗಿ, ಒಡೆಯರ ಆಸ್ಥಾನದಲ್ಲಿ ಸೈ ಎನಿಸಿಕೊಂಡ ಈಕೆ 1903ರಲ್ಲಿ ಮದರಾಸಿಗೆ ಹೋಗಿ ನೆಲೆಸಿದರು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಮುದ್ದುಪಳನಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು'. ಮುದ್ದುಪಳನಿ ಹದಿನೆಂಟನೆಯ ಶತಮಾನದ ನಡುವೆ ತಂಜಾವೂರಿನ ಮರಾಠ ಅರಸ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಗಣಿಕೆ, ವಿದುಷಿ. ಕಾವ್ಯದ ವಸ್ತು ರಾಧೆ, ಕೃಷ್ಣ ಮತ್ತು ಇಳಾದೇವಿಯರದು. ರಾಧೆ ತಾನೇ ಮುಂದೆ ನಿಂತು ಇಳೆಯನ್ನು ಕೃಷ್ಣನಿಗೆ ಮದುವೆ ಮಾಡಿಸುತ್ತಾಳೆ, ಆಮೇಲೆ ಕೃಷ್ಣ ತನ್ನನ್ನು ಮರೆತನೆಂದು ಉರಿಯುತ್ತಾಳೆ, ಕೃಷ್ಣ ಬಂದು ಕಾಲಿಗೆ ಬಿದ್ದು ಸಮಾಧಾನ ಮಾಡಬೇಕಾಗುತ್ತದೆ. ನಮ್ಮ ಶೃಂಗಾರಕಾವ್ಯಗಳಲ್ಲಿ ಹೆಣ್ಣು ಕಾಯುತ್ತಾಳೆ, ಕೊರಗುತ್ತಾಳೆ, ಬಂದವನಿಗೆ ಒಲಿಯುತ್ತಾಳೆ. ಇಲ್ಲಿನ ರಾಧೆ ಬೇಡುವವಳಲ್ಲ, ಬೇಕೆನ್ನುವವಳು. ಮೊದಲ ಹೆಜ್ಜೆ ಅವಳದು. ತಾನು ಸಾಕೆಂದರೂ ಬಿಡದವಳು ಅವಳು ಎಂದು ಕೃಷ್ಣನೇ ಆಡಿಕೊಳ್ಳುವಷ್ಟು. ವಾತ್ಸ್ಯಾಯನ ತರ್ಕದಿಂದ ಸಾಧಿಸಿದ ಸಮಾನ ಸುಖವನ್ನು ಮುದ್ದುಪಳನಿ ಪಾತ್ರವಾಗಿ ಮಾಡಿ ನಡೆಯಲು ಬಿಟ್ಟಳು ಎನ್ನಲಡ್ಡಿಯಿಲ್ಲ.

ನಾಗರತ್ನಮ್ಮನವರಿಗೆ ಮೊದಲು ಸಿಕ್ಕ ಮುದ್ರಣದಲ್ಲಿ ಕವಯಿತ್ರಿ ತನ್ನ ಬಗ್ಗೆ ಹೇಳಿಕೊಂಡ ಪೀಠಿಕೆಯೂ ಹಲವು ಪದ್ಯಗಳೂ ಕಾಣೆಯಾಗಿದ್ದವು. ಗಣಿಕೆಯೊಬ್ಬಳು ತನ್ನ ತಾಯಿ, ಅಜ್ಜಿಯರ ಹೆಸರು ಹೇಳಿಕೊಳ್ಳುವುದನ್ನು ಪ್ರಕಟಿಸುವವರು ಬೇಡವೆಂದು ಬಿಟ್ಟಿದ್ದರು. ಅವರು ಮೂಲದ ಹಸ್ತಪ್ರತಿ ದೊರಕಿಸಿ, ಕಿತ್ತದ್ದನ್ನು ಮತ್ತೆ ಸೇರಿಸಿ, 584 ಪದ್ಯಗಳ ಕಾವ್ಯವನ್ನು 1910ರಲ್ಲಿ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಪ್ರಕಾಶನದಿಂದ ಹೊರತಂದರು. ಎಷ್ಟು ಸಲ ಓದಿದರೂ ಇನ್ನೊಮ್ಮೆ ಓದಬೇಕೆನಿಸುವ, ಹೆಣ್ಣೊಬ್ಬಳು, ಅದರಲ್ಲೂ ತಮ್ಮದೇ ಕುಲದವಳು ಬರೆದ ಕಾವ್ಯವಾದ್ದರಿಂದ ಸರಿಯಾದ ರೂಪದಲ್ಲಿ ಪ್ರಕಟಿಸುವುದು ತಮ್ಮ ಹೊಣೆ ಎಂಬರ್ಥದಲ್ಲಿ ಮುನ್ನುಡಿ ಬರೆದರು.

ಆಂಧ್ರದ ಸಮಾಜಸುಧಾರಕ ಕಂದುಕೂರಿ ವೀರೇಶಲಿಂಗಂ ಪಂತುಲು ವಿಧವಾವಿವಾಹಕ್ಕೆ ಹೋರಾಡಿದ ದೊಡ್ಡ ಮನುಷ್ಯರು. ಅವರು ಮುದ್ದುಪಳನಿಯನ್ನು ಜಾರಿಣಿ ಎಂದು ಜರೆದಿದ್ದರು; ಇಂಥ ಮಾತು ಹೆಣ್ಣಿನ ಕಿವಿಗೆ ಬೀಳಬಾರದು, ಬಾಯಿಂದ ಬರುವುದಂತೂ ಸಲ್ಲದು ಎಂಬುದು ಅವರ ನಿಲುವು. ನಾಗರತ್ನಮ್ಮ ಸುಮ್ಮನಾಗಲಿಲ್ಲ. ನಾಚಿಕೆ ಹೆಂಗಸರಿಗೆ ಮಾತ್ರ ಹೇಳಿದ್ದೇ, ಗಂಡಸರಿಗೆ ಬೇಡವೇ? ಇದಕ್ಕಿಂತ ಹಸಿಯಾದ ಗಂಡಸರ ಕಾವ್ಯಗಳನ್ನು ಪಂತುಲು ಅವರೇ ಒಪ್ಪಿ ಮೆಚ್ಚಿಲ್ಲವೇ? ಹೀಗೆ ಕೇಳಿದ್ದಕ್ಕೆ ಉತ್ತರ ವಿದ್ವತ್ತಿನಿಂದ ಬರಲಿಲ್ಲ, ಪೊಲೀಸರಿಂದ ಬಂತು. 1911ರಲ್ಲಿ ಭಾರತ ದಂಡಸಂಹಿತೆಯ 292ನೆಯ ಕಲಮಿನ ಹೆಸರಿನಲ್ಲಿ ಪುಸ್ತಕವನ್ನು ಅಶ್ಲೀಲವೆಂದು ತೀರ್ಮಾನಿಸಿ ಪ್ರತಿಗಳನ್ನು ವಶಪಡಿಸಿಕೊಳ್ಳಲಾಯಿತು. ಪಂಡಿತರು ಕೊಟ್ಟ ಮನವಿಗಳು ಫಲಿಸಲಿಲ್ಲ. ಕುತೂಹಲವೆಂದರೆ, ಬರ್ಟನ್ ಮತ್ತು ಆರ್ಬತ್‌ನಾಟ್ ಎಂಬ ಇಬ್ಬರು ಆಂಗ್ಲರು 1883ರಲ್ಲೇ ಕಾಮಸೂತ್ರವನ್ನು ಇಂಗ್ಲಿಷಿಗೆ ತಂದು ಖಾಸಗಿಯಾಗಿ ಅಚ್ಚು ಹಾಕಿಸಿ ಹಂಚಿದ್ದರು. ಗಂಡಸರ ಬೀರುವಿನಲ್ಲಿ ಅಡಗಿದ್ದರೆ ಅದು ವಿದ್ವತ್ತು. ಹೆಂಗಸಿನ ಹೆಸರು ಹೊತ್ತು ಅಂಗಡಿಗೆ ಬಂದರೆ ಅಪರಾಧ.

ಅದೇ ಕಾಲಕ್ಕೆ ಪಶ್ಚಿಮದಲ್ಲಿ ಹೆಣ್ಣಿನ ಸುಖದ ಬಗೆಗಿನ ತಿಳಿವಳಿಕೆ ಎಲ್ಲಿತ್ತು? ಅಲ್ಲಿನ ಕಥೆ ಬಾಭ್ರವ್ಯನ ಯುಕ್ತಿಯಿಂದಲೇ ಶುರುವಾಗುತ್ತದೆ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್ ಗರ್ಭಧಾರಣೆಗೆ ಹೆಣ್ಣಿನ ಬೀಜವೂ ಬೇಕು, ಅದು ಸುಖದಲ್ಲಿ ಬಿಡುಗಡೆಯಾಗುತ್ತದೆ ಎಂದಿದ್ದ. ಕೇಳಲು ಹೆಣ್ಣಿನ ಪರವಾದ ಮಾತು. ಅದರ ಫಲ ಮಾತ್ರ ಭಯಂಕರ: ಹದಿಮೂರನೆಯ ಶತಮಾನದ ಇಂಗ್ಲೆಂಡಿನ ಕಾನೂನು ಗ್ರಂಥವೊಂದರ ಪ್ರಕಾರ, ಅತ್ಯಾಚಾರಕ್ಕೊಳಗಾದ ಹೆಣ್ಣು ಬಸುರಿಯಾದರೆ ಅವಳಿಗೆ ಒಪ್ಪಿಗೆಯಿತ್ತೆಂದೇ ಅರ್ಥ. ಸುಖವಿಲ್ಲದೆ ಬಸಿರಿಲ್ಲವಲ್ಲ! ತಪ್ಪು ಶರೀರಶಾಸ್ತ್ರ ಎಷ್ಟು ಹೆಂಗಸರ ದೂರನ್ನು ಬಾಯಿ ಮುಚ್ಚಿಸಿತೋ. 1827ರಲ್ಲಿ ಫಾನ್ ಬೇರ್ ಎಂಬ ವಿಜ್ಞಾನಿ ಸಸ್ತನಿಯ ಅಂಡಾಣುವನ್ನು ಕಂಡ. ಹೆಣ್ಣಿನ ಸುಖಕ್ಕೂ ಗರ್ಭಕ್ಕೂ ಸಂಬಂಧವಿಲ್ಲವೆಂಬುದು ಕ್ರಮೇಣ ಖಚಿತವಾಯಿತು. ಅನ್ಯಾಯ ನಿಲ್ಲಬೇಕಿತ್ತು. ಆದದ್ದೇ ಬೇರೆ. ಬಸಿರಿಗೆ ಬೇಡವೆಂದ ಮೇಲೆ ಆ ಸುಖ ಯಾಕೆ ಬೇಕು ಎಂದು ವಿಕ್ಟೋರಿಯಾ ರಾಣಿಯ ಕಾಲದ ವೈದ್ಯರು ಕೈ ತೊಳೆದುಕೊಂಡರು. ಒಳ್ಳೆಯ ಹೆಣ್ಣಿಗೆ ಕಾಮದ ಉಪದ್ರವವೇ ಇಲ್ಲ ಎಂದು ಬರೆದರು. 1905ರಲ್ಲಿ ಫ್ರಾಯ್ಡ್ ಬಂದು, ಭಗಾಂಕುರದ ಸುಖ ಬಾಲ್ಯದ್ದು, ಪ್ರಬುದ್ಧ ಹೆಣ್ಣು ಅದನ್ನು ಬಿಟ್ಟು ಯೋನಿಯ ಸುಖಕ್ಕೆ ಸಾಗಬೇಕು ಎಂದ. ಲಕ್ಷಾಂತರ ಹೆಂಗಸರು ತಮ್ಮಲ್ಲೇ ಏನೋ ಊನವಿದೆಯೆಂದು ಅರ್ಧ ಶತಮಾನ ಕೊರಗುವಂತಾಯಿತು.

ನಮ್ಮ ಇಂಗ್ಲಿಷ್ ಓದಿದವರು ಈ ನಾಚಿಕೆಯನ್ನೇ ಭಾರತೀಯ ಸಂಸ್ಕೃತಿ ಎಂದು ಕರೆದರು. ಇದರ ನಡುವೆಯೂ ಕೆಲವು ಕಿಟಕಿಗಳು ತೆರೆದವು. 1930ರಲ್ಲಿ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೊಂದು ಹೀಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು ಎನ್ನಲಾಗುತ್ತದೆ. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಸಂಸ್ಥಾನಗಳ ಕಡೆ ಮರಾಠಿ ಓದುವವರಿದ್ದರು. ಆ ಮರಾಠಿಯಲ್ಲಿ ರ.ಧೋ. ಕರ್ವೆ 1927ರಿಂದ 1953ರಲ್ಲಿ ಸಾಯುವವರೆಗೆ 'ಸಮಾಜಸ್ವಾಸ್ಥ್ಯ' ಎಂಬ ಮಾಸಿಕ ನಡೆಸಿದರು. ಸುಖದಲ್ಲಿ ಹೆಣ್ಣಿಗೂ ಸಮಪಾಲು ಎಂದು ಬರೆದದ್ದಕ್ಕೆ, ಓದುಗರ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರಿಸಿದ್ದಕ್ಕೆ ಅವರು ಪದೇಪದೇ ಕೋರ್ಟು ಹತ್ತಬೇಕಾಯಿತು. 1934ರ ಮೊಕದ್ದಮೆಯಲ್ಲಿ ಅವರ ಪರವಾಗಿ ನಿಂತ ವಕೀಲರು ಡಾ. ಬಿ.ಆರ್. ಅಂಬೇಡ್ಕರ್. ಮೊಕದ್ದಮೆ ಸೋತಿತು.

ಕನ್ನಡದಲ್ಲಿ ವೈದ್ಯೆಯಾಗಿ, ಹೆಣ್ಣಾಗಿ ಈ ವಿಷಯವನ್ನು ಮನೆಯೊಳಗೆ ತಂದವರು ಡಾ. ಅನುಪಮಾ ನಿರಂಜನ. 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ' ಎಂಬ ಹೆಸರುಗಳಲ್ಲೇ ಆ ಕಾಲದ ಸಂಕೋಚವೂ ಅದನ್ನು ದಾಟುವ ಜಾಣತನವೂ ಇದೆ. ಪುಸ್ತಕ ಕೊಡುವವರಿಗೂ ಕೊಳ್ಳುವವರಿಗೂ ಮುಜುಗರವಾಗದ ಹೆಸರು. ಮದುವೆಯ ಉಡುಗೊರೆಯಾಗಿ ಕೊಡಬಹುದಾದ ಪುಸ್ತಕದಲ್ಲಿ ದೇಹದ ಅಂಗಗಳಿಗೆ ಅವುಗಳ ಹೆಸರು ಹಿಡಿದು ಕರೆಯುವುದು ಆಗ ಸಣ್ಣ ಧೈರ್ಯವಲ್ಲ.

ವಿಜ್ಞಾನ ಔದ್ದಾಲಕಿಯ ಪ್ರಶ್ನೆಗೆ, ಅಂದರೆ 'ಇದು ನಿನಗೆ ಹೇಗೆ ಗೊತ್ತು' ಎಂಬುದಕ್ಕೆ, ಉತ್ತರ ಹುಡುಕಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಉಪಾಯ ಸರಳ: ಹೆಂಗಸರನ್ನೇ ಕೇಳುವುದು. ಅಮೆರಿಕದ ಕಿನ್ಸೆ 1953ರಲ್ಲಿ ಸುಮಾರು ಆರು ಸಾವಿರ ಹೆಂಗಸರ ಸಂದರ್ಶನಗಳ ಆಧಾರದ ಮೇಲೆ ಪುಸ್ತಕ ಪ್ರಕಟಿಸಿದ. 1966ರಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ಪ್ರಯೋಗಾಲಯದಲ್ಲಿ ಅಳೆದು ನೋಡಿದರು. ಉದ್ರೇಕವಾದಾಗ ಜನನಾಂಗಕ್ಕೆ ರಕ್ತ ನುಗ್ಗುತ್ತದೆ, ಯೋನಿಯ ಒಳಗೋಡೆ ತೇವಗೊಳ್ಳುತ್ತದೆ, ಎದೆಬಡಿತವೂ ಉಸಿರೂ ಏರುತ್ತವೆ, ತುದಿ ಮುಟ್ಟಿದಾಗ ಸ್ನಾಯುಗಳು ಲಯಬದ್ಧವಾಗಿ ಬಿಗಿದು ಸಡಿಲಗೊಳ್ಳುತ್ತವೆ, ಬಳಿಕ ಮೈ ನಿಧಾನವಾಗಿ ತಣಿಯುತ್ತದೆ. ಈ ಕ್ರಮ ಗಂಡಿನಲ್ಲೂ ಹೆಣ್ಣಿನಲ್ಲೂ ಬಹುಮಟ್ಟಿಗೆ ಒಂದೇ. ಒಂದು ವ್ಯತ್ಯಾಸವಿದೆ: ಗಂಡಿಗೆ ಒಮ್ಮೆ ಮುಗಿದ ಮೇಲೆ ಸ್ವಲ್ಪ ಹೊತ್ತು ವಿರಾಮ ಅನಿವಾರ್ಯ, ಹೆಣ್ಣಿಗೆ ಹಾಗಿಲ್ಲ. ಅವಳು ತಾನಾಗಿ ನಿಲ್ಲುವುದಿಲ್ಲವೆಂದು ಔದ್ದಾಲಕಿ ಕಂಡದ್ದು ಸರಿ. ಆದ್ದರಿಂದ ಅವಳಿಗೆ ತುದಿಯೇ ಇಲ್ಲ ಎಂದದ್ದು ತಪ್ಪು. ಸುಖ ಸಮಾನವೆಂದ ವಾತ್ಸ್ಯಾಯನ ಗೆದ್ದ.

ಬಾಭ್ರವ್ಯರ ಕುಂಬಾರನ ಚಕ್ರಕ್ಕೂ ಒಂದು ತಿದ್ದುಪಡಿ ಬೇಕಾಯಿತು. ಹೆಂಗಸರು ತಾವೇ ತಮ್ಮನ್ನು ಸುಖಗೊಳಿಸಿಕೊಳ್ಳುವಾಗ ಗಂಡಸರಂತೆ ಕೆಲವೇ ನಿಮಿಷ ಸಾಕೆಂದು ಕಿನ್ಸೆಯ ಸಂದರ್ಶನಗಳಲ್ಲಿ ಗೊತ್ತಾಯಿತು. ನಿಧಾನವಿರುವುದು ಚಕ್ರದಲ್ಲಲ್ಲ, ತಿರುಗಿಸುವ ಕೈಯಲ್ಲಿ. ಕೂಟವೊಂದರಿಂದಲೇ ನಿಯಮಿತವಾಗಿ ತುದಿ ಮುಟ್ಟುವವರು ನೂರಕ್ಕೆ ಸುಮಾರು 30 ಹೆಂಗಸರು ಮಾತ್ರ ಎಂದು ಶೇರ್ ಹೈಟ್ 1976ರಲ್ಲಿ ವರದಿ ಮಾಡಿದಳು. ಉಳಿದವರದು ರೋಗವಲ್ಲ. 1998ರಲ್ಲಿ ಆಸ್ಟ್ರೇಲಿಯಾದ ವೈದ್ಯೆ ಹೆಲೆನ್ ಓಕಾನೆಲ್ ಭಗಾಂಕುರದ ಪೂರ್ಣ ರಚನೆಯನ್ನು ತೋರಿಸಿಕೊಟ್ಟಳು. ಹೊರಗೆ ಕಾಣುವುದು ಬಟಾಣಿಯಷ್ಟು ತುದಿ. ಒಳಗೆ ಅದರ ಕಾಲುಗಳೂ ಗಡ್ಡೆಗಳೂ ಯೋನಿಯ ಇಕ್ಕೆಲಗಳನ್ನು ಅಪ್ಪಿಕೊಂಡು ಹರಡಿವೆ. ಹೀಗಾಗಿ ಫ್ರಾಯ್ಡ್ ಎರಡು ಮಾಡಿದ್ದು ಒಂದೇ ಅಂಗವ್ಯೂಹದ ಸುಖ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು 29 ವರ್ಷಗಳ ನಂತರ ಈ ನಕ್ಷೆ ಸಿಕ್ಕಿತು ಎಂಬುದನ್ನು ಲೆಕ್ಕ ಹಾಕಿದರೆ ವಿಜ್ಞಾನಕ್ಕೂ ನಾಚಿಕೆ ಎಷ್ಟಿತ್ತೆಂದು ತಿಳಿದೀತು. ಮನಸ್ಸಿನ ಕಡೆಯಿಂದ ಕೆನಡಾದ ರೋಸ್‌ಮರಿ ಬ್ಯಾಸನ್ 2000ದಲ್ಲಿ ಇನ್ನೊಂದು ಮಾತು ಸೇರಿಸಿದಳು: ಬಯಕೆ ಯಾವಾಗಲೂ ಮೊದಲು ಬರಬೇಕೆಂದಿಲ್ಲ, ಸಲಿಗೆ, ನಂಬಿಕೆ, ಸ್ಪರ್ಶಗಳ ನಂತರವೂ ಅದು ಹುಟ್ಟೀತು. ಮೂರು ರಾತ್ರಿ ಕಾಯಲು ಹೇಳಿದವನಿಗೆ ಇದು ಹೊಸದೆನಿಸುತ್ತಿರಲಿಲ್ಲ.

ಜಮಖಂಡಿ, ಮುಧೋಳ, ಬೀಳಗಿಗಳ ಸೀಮೆಯಲ್ಲಿ ಈ ಇತಿಹಾಸಕ್ಕೆ ಇನ್ನೊಂದು ಮುಖವಿದೆ. ಮುದ್ದುಪಳನಿ, ನಾಗರತ್ನಮ್ಮನವರು ಆಸ್ಥಾನದ ಕಲಾವಿದೆಯರು, ಅಕ್ಷರ ಬಲ್ಲವರು. ಇತ್ತ ದಲಿತರ ಕೇರಿಗಳಿಂದ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರಿಗೆ ಕಾವ್ಯವೂ ಇರಲಿಲ್ಲ, ಆಯ್ಕೆಯೂ ಇರಲಿಲ್ಲ. ಕರ್ನಾಟಕ ಸರ್ಕಾರ 1982ರಲ್ಲಿ ದೇವದಾಸಿ ಅರ್ಪಣೆಯನ್ನು ನಿಷೇಧಿಸಿ ಕಾಯ್ದೆ ಮಾಡಿತು. ಗೃಹಿಣಿಗೆ ಸುಖದ ಅರಿವು ಸಲ್ಲದು, ದೇವದಾಸಿಗೆ ಸುಖದ ಹಕ್ಕಿಲ್ಲ. ಒಬ್ಬಳು ತಿಳಿಯಬಾರದು, ಇನ್ನೊಬ್ಬಳು ಒದಗಿಸಬೇಕು. ಈ ಹಂಚಿಕೆಯಲ್ಲಿ ಇಬ್ಬರನ್ನೂ ಯಾರೂ ನಿನಗೆ ಏನು ಬೇಕು ಎಂದು ಕೇಳಿದ್ದಿಲ್ಲ.

ನಾಗರತ್ನಮ್ಮ ತಮ್ಮ ದುಡಿಮೆಯನ್ನೆಲ್ಲ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಲು ಸುರಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಅವಕಾಶ ಸಿಕ್ಕಿದ್ದರಲ್ಲೂ ಅವರ ಹಟದ ಪಾಲು ದೊಡ್ಡದು. 'ರಾಧಿಕಾ ಸಾಂತ್ವನಮು' ಮೇಲಿನ ನಿಷೇಧವನ್ನು ತೆಗೆದದ್ದು 1947ರಲ್ಲಿ, ಮದರಾಸಿನಲ್ಲಿ ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ. ಅದೇ ವಾವಿಳ್ಳ ಪ್ರಕಾಶನ ಅದನ್ನು ಮತ್ತೆ ಅಚ್ಚು ಮಾಡಿದ್ದು 1952ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ನಾಗರತ್ನಮ್ಮ ತೀರಿಕೊಂಡರು. ತಿರುವಯ್ಯಾರಿನಲ್ಲಿ ಕಾವೇರಿಯ ದಡದ ಮೇಲೆ, ತ್ಯಾಗರಾಜರ ಸಮಾಧಿಗೆ ಎದುರಾಗಿ, ಕೈಮುಗಿದು ಕುಳಿತ ಅವರ ಶಿಲಾಪ್ರತಿಮೆ ಇದೆ. ಆರಾಧನೆಗೆ ಹೋದವರು ಅದಕ್ಕೂ ನಮಸ್ಕರಿಸುತ್ತಾರೆ.